ದೇವೀರಮ್ಮನ ಮಣಭಾರ

ನಮ್ಮೂರಿನಲ್ಲಿ ‘ಮಣಭಾರ’ ಅನ್ನುವ ಮಾತನ್ನು ಯಾರೂ ಸುಮ್ಮಸುಮ್ಮನೆ ಆಡುವುದಿಲ್ಲ. ಬೇರೆ ಊರುಗಳಲ್ಲಿ ಅದಕ್ಕೆ ಇಷ್ಟು ಮರ್ಯಾದೆ ಇಲ್ಲವೆಂದು ಕೇಳಿದ್ದೇನೆ. ಅಲ್ಲಿ ರುಬ್ಬುಗುಂಡು ಮಣಭಾರ, ಮಕ್ಕಳ ಶಾಲೆಯ ಚೀಲ ಮಣಭಾರ, ನೆಗಡಿಯಾದರೆ ತಲೆ ಮಣಭಾರ, ನೆಂಟರ ಮನೆಯಲ್ಲಿ ಒಬ್ಬಟ್ಟು ಹೆಚ್ಚಾಗಿ ಬಿದ್ದರೆ ಹೊಟ್ಟೆಯೂ ಮಣಭಾರ. ಎತ್ತಲಾರದ್ದು, ಹೊರಲಾರದ್ದು, ಅಳತೆ ಮೀರಿದ್ದು ಎಲ್ಲಕ್ಕೂ ಅದೊಂದೇ ಮಾತು. ಬೆಲ್ಲ, ಹುಣಸೆಹಣ್ಣುಗಳನ್ನು ಮಣದ ಲೆಕ್ಕದಲ್ಲಿ ತೂಗುತ್ತಿದ್ದ ಕಾಲದಲ್ಲಿ ಹುಟ್ಟಿದ್ದಂತೆ. ಆ ತೂಕದ ಕಲ್ಲುಗಳು ಹೋದವು, ಮಾತು ಉಳಿದುಕೊಂಡಿತು. ನಮ್ಮಲ್ಲಿ ಮಾತ್ರ ನೀರಿನ ಕೊಡ ಹೊತ್ತ ಹುಡುಗಿ ಬಾಯಿತಪ್ಪಿ “ಅಯ್ಯೋ, ಮಣಭಾರ” ಅಂದರೆ ಅವಳ ಅಜ್ಜಿ ಒಳಗಿನಿಂದಲೇ ಗದರುತ್ತಾಳೆ: “ಕೊಡಕ್ಕೆಲ್ಲ ಹಂಗನ್ನಬಾರ್ದು ಕಣೇ, ಅದು ದೋಣಿ ಮಾತು!”

ಇದು ಗೊತ್ತಿಲ್ಲದೆ ಪಾಪ ನಮ್ಮ ಲೆಕ್ಕದ ಮೇಷ್ಟ್ರು ಊರಿಗೆ ಬಂದ ದಿನವೇ ಸಿಕ್ಕಿಬಿದ್ದರು. ದೋಣಿ ಹತ್ತುವ ಮೆಟ್ಟಿಲ ತಲೆಗೇ ನನ್ನ ಗೋಲಿಸೋಡಾ ಅಂಗಡಿ. ಅವರು ಸುತ್ತುದಾರಿಯಿಂದ ಬಂದು, ತಮ್ಮ ಕಬ್ಬಿಣದ ಪೆಟ್ಟಿಗೆಯನ್ನು ಅಂಗಡಿ ಮುಂದೆ ಧೊಪ್ಪನೆ ಇಳಿಸಿ, ಬೆವರು ಒರೆಸಿಕೊಂಡು, “ಅಬ್ಬಬ್ಬಾ, ಮಣಭಾರ ಸ್ವಾಮಿ!” ಅಂದರು. ಅಂಗಡಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು. ಒಬ್ಬ ಎದ್ದು ಬೆಂಚು ಬಿಟ್ಟುಕೊಟ್ಟ. ನಾನು ಸೋಡಾ ಒಡೆದು ಕೈಗಿತ್ತು, “ಹೇಳಿ ಮೇಷ್ಟ್ರೇ, ನಿಧಾನವಾಗಿ ಹೇಳಿ,” ಅಂದೆ. ಪೆಟ್ಟಿಗೆಯ ವಿಷಯ ಹೇಳಿದ್ದೆಂದು ಅವರು ಆಣೆ ಮಾಡಿದರು. ಯಾರೂ ನಂಬಲಿಲ್ಲ. ಎಲ್ಲರೂ ಹಾಗೇ ಕಾಯುತ್ತ ಕೂತಿದ್ದೆವು. ಕೊನೆಗೆ ಅಷ್ಟೊಂದು ಜನ ತಮಗಾಗಿ ಕಾಯುತ್ತಿರುವುದನ್ನು ಕಂಡೋ ಏನೋ, ಮೇಷ್ಟ್ರು ಬಾಯಿಬಿಟ್ಟರು. ಮನೆಯಲ್ಲಿ ತಮ್ಮನ್ನು ‘ಚಿಣ್ಣ’ ಎಂದು ಕರೆಯುತ್ತಾರೆ, ಈ ಊರಿನಲ್ಲಿ ಹಾಗೆ ಕರೆಯುವವರು ಯಾರೂ ಇಲ್ಲ ಅಂದರು. “ಇಳೀತು,” ಅಂದೆವು ನಾವೆಲ್ಲ. ಅವತ್ತಿನಿಂದ ಅವರು ನಮ್ಮೂರಿನವರೇ ಆಗಿಹೋದರು.

ದೋಣಿಯ ವಿಚಾರ ಇಷ್ಟೇ. ನಮಗೆ ಸಂತೆ, ಆಸ್ಪತ್ರೆ, ಬಸ್ಸು ಎಲ್ಲವೂ ಹೊಳೆಯ ಆಚೆ ದಡದಲ್ಲಿ. ಮನಸ್ಸಿನಲ್ಲಿ ಹೇಳದ ಮಾತನ್ನು ಇಟ್ಟುಕೊಂಡು ಯಾರಾದರೂ ಹತ್ತಿದರೆ ದೋಣಿ ಆ ಮಾತಿನಷ್ಟು ತಗ್ಗುತ್ತದೆ. ಸಣ್ಣ ಮಾತಾದರೆ ಸ್ವಲ್ಪ, ದೊಡ್ಡದಾದರೆ ಜಾಸ್ತಿ. ದೋಣಿಯ ಮೈಗೆ ಸುತ್ತಲೂ ಒಂದು ಬಿಳಿ ಪಟ್ಟೆ ಬಳಿದಿದೆ. ಪಟ್ಟೆ ನೀರಿನೊಳಗೆ ಹೋಯಿತೋ ದೋಣಿ ಹೊರಡುವುದಿಲ್ಲ. ದೋಣಿ ನಡೆಸುವವರು ಹುಟ್ಟನ್ನು ಮೇಲೆತ್ತಿ, “ಯಾರ್ದು?” ಎಂದು ಕೇಳುತ್ತಾರೆ. ಯಾರದೋ ಅವರು, “ನಂದು ಮಣಭಾರ,” ಎಂದು ಒಪ್ಪಿಕೊಂಡು ಮಾತನ್ನು ಹೊರಗೆ ಹಾಕಬೇಕು. ಹಾಕಿದರೆ ದೋಣಿ ಮೇಲೇಳುತ್ತದೆ, ಉಳಿದವರು “ಇಳೀತು” ಅನ್ನುತ್ತಾರೆ. ಬುದ್ಧಿ ಹೇಳುವಂತಿಲ್ಲ, ಲೊಚಗುಟ್ಟುವಂತಿಲ್ಲ, ನಗುವಂತಿಲ್ಲ, ಕೇಳಿದ್ದನ್ನು ದಡಕ್ಕೆ ತರುವಂತಿಲ್ಲ. ದಡದಲ್ಲಿರುವ ನನಗೆ ಹೇಗೆ ಎಲ್ಲ ಗೊತ್ತಾಗುತ್ತದೆ ಅಂತ ಮಾತ್ರ ನೀವು ಕೇಳಬಾರದು.

ಹೇಳಲು ಇಷ್ಟವಿಲ್ಲದವರಿಗೆ ಸುತ್ತುದಾರಿಯಿದೆ. ಅರ್ಧ ದಿನದ ಪ್ರಯಾಣ. ಆ ದಾರಿಯಲ್ಲಿ ಹೋಗುವವರನ್ನು ಕಂಡರೆ ಊರಿಗೆ ಬಲೇ ಕುತೂಹಲ. ನಮ್ಮ ಪಂಚಾಯ್ತಿ ಮೆಂಬರ್ ಶಿವನಂಜಪ್ಪ ಹುಟ್ಟಿದಾಗಿನಿಂದ ದೋಣಿಗೆ ಕಾಲಿಟ್ಟವರಲ್ಲ, ಎಲ್ಲಿಗೆ ಹೋದರೂ ಜೀಪಿನಲ್ಲಿ ಸುತ್ತಿಕೊಂಡೇ ಹೋಗುತ್ತಿದ್ದರು. ಅವರ ಹೊಟ್ಟೆಯಲ್ಲಿ ಏನಿರಬಹುದೆಂದು ಊರು ಎಷ್ಟೋ ವರ್ಷ ಊಹಿಸಿ ಸುಖಪಟ್ಟಿತ್ತು.

ದೋಣಿ ನಡೆಸುತ್ತಿದ್ದವಳು ದೇವೀರಮ್ಮ. ಮೊದಲು ಅವಳ ಗಂಡ ಮಾದಯ್ಯ ನಡೆಸುತ್ತಿದ್ದ. ಅವನು ಜ್ವರ ಬಂದು ತೀರಿಕೊಂಡ ಮೇಲೆ, ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆ ಅವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಟ್ಟು ಹಿಡಿದಳು. ಮಕ್ಕಳಿಲ್ಲ. ಹೊಳೆದಂಡೆಯಲ್ಲೇ ಒಂದು ಪುಟ್ಟ ಹೆಂಚಿನ ಮನೆ. ಐವತ್ತು ದಾಟಿದ್ದರೂ ತೋಳು ಗಟ್ಟಿ, ಗಂಟಲು ಅದಕ್ಕಿಂತ ಗಟ್ಟಿ. ಹಾಗಿದ್ದೂ ಅವಳನ್ನು ನೋಡಿದವರೆಲ್ಲ “ಪಾಪ, ಒಂಟಿಜೀವ” ಅನ್ನದೆ ಮುಂದೆ ಹೋಗುತ್ತಿರಲಿಲ್ಲ. ಅವಳೂ ಮರ್ಯಾದೆಗೆ ಮುಖ ಸಣ್ಣದು ಮಾಡಿಕೊಂಡು ತಲೆಯಾಡಿಸುತ್ತಿದ್ದಳು. ಜನ ಅಷ್ಟು ಪ್ರೀತಿಯಿಂದ ಕೊಟ್ಟ ಮರುಕವನ್ನು ಬೇಡ ಅನ್ನುವುದು ಹೇಗೆ?

ಎಲ್ಲರಿಗಿಂತ ಹೆಚ್ಚು ಮರುಗುತ್ತಿದ್ದವಳು ಮಾದಯ್ಯನ ಅಕ್ಕ ಜವರಮ್ಮ. ಆಚೆ ದಡದಲ್ಲಿ ಮಗ ಸೊಸೆಯ ಜೊತೆಗಿದ್ದಳು. ತಮ್ಮ ಸತ್ತದ್ದು ಸೋಮವಾರ ಅಂತ ಪ್ರತಿ ಸೋಮವಾರ ದೋಣಿ ಹತ್ತಿ ಬರುತ್ತಿದ್ದಳು. ಬಂದವಳು ಜಗಲಿಯಲ್ಲಿ ಕೂತು, ಎಲೆಅಡಿಕೆ ಹಾಕಿಕೊಂಡು, ತಮ್ಮನ ಗುಣಗಾನ ಶುರುಮಾಡಿ ನಿಧಾನಕ್ಕೆ ಅಳುವಿಗೆ ಬರುತ್ತಿದ್ದಳು. ದೇವೀರಮ್ಮ ಪಕ್ಕದಲ್ಲಿ ಕೂತು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಅತ್ತಾದ ಮೇಲೆ ಇಬ್ಬರೂ ಎದುರುಬದುರು ಕೂತು ಮುದ್ದೆ ಉಂಡು, ಸಂಜೆ ದೋಣಿಯಲ್ಲಿ ಜವರಮ್ಮ ವಾಪಸು. ಮೊದಲ ವರ್ಷಗಳಲ್ಲಿ ದೇವೀರಮ್ಮನಿಗೂ ನಿಜವಾದ ಅಳುವೇ ಬರುತ್ತಿತ್ತು. ಗಂಡ ಒಳ್ಳೆಯವನಾಗಿದ್ದ.

ಮುಂದಿನದನ್ನು ಅವಳೇ ಆಮೇಲೆ ನನಗೆ ಹೇಳಿದ್ದು. ಒಂದು ಮಧ್ಯಾಹ್ನ ದೋಣಿಗೆ ಜನವಿರಲಿಲ್ಲ. ಬೆಸ್ತರವನೊಬ್ಬ ಒಂದು ಹಿಡಿ ಸಣ್ಣ ಮೀನು ಕೊಟ್ಟು ಹೋಗಿದ್ದ. ಹುಳಿ ಮುಂದಾಗಿ ಸಾರು ಮಾಡಿದಳು. ಗಂಡನಿಗೆ ಹುಳಿ ಆಗುತ್ತಿರಲಿಲ್ಲ. ಅವಳಿಗೆ ಹುಳಿಯೆಂದರೆ ಪ್ರಾಣ. ಬಿಸಿ ಮುದ್ದೆಯ ಜೊತೆ ಹೊಟ್ಟೆತುಂಬ ಉಂಡು, ಕೊನೆಯ ಮೆಟ್ಟಿಲಿಗೆ ಹೋಗಿ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಬಿಸಿಲು ಹಿತವಾಗಿತ್ತು. ಏನೋ ಒಂದು ಸೋಬಾನೆ ಪದ ತಾನಾಗಿ ಬಾಯಿಗೆ ಬಂತು. ಹಾಡು ಅರ್ಧಕ್ಕೆ ಬಂದಾಗ ತಟ್ಟನೆ ಅವಳಿಗೆ ಹೊಳೆಯಿತು: ‘ಅರೆ, ನಾನು ಸುಖವಾಗಿದೀನಲ್ಲ!’ ಆ ದಿನದ ಮಟ್ಟಿಗಲ್ಲ, ಎಷ್ಟೋ ಕಾಲದಿಂದ ಹಾಗೇ ಇದ್ದಾಳೆ, ಈಗ ಗಮನಕ್ಕೆ ಬಂತು ಅಷ್ಟೇ. ಕದ್ದು ಬೆಲ್ಲ ತಿಂದವಳ ಹಾಗೆ ಅತ್ತಿತ್ತ ನೋಡಿದಳು. ಮೊದಲು ನೆನಪಾದದ್ದು ಅತ್ತಿಗೆಯ ಮುಖ. ತಮ್ಮನನ್ನು ಕಳೆದುಕೊಂಡು ಇಂದಿಗೂ ಅಳುವ ಹೆಂಗಸಿಗೆ ಇದು ಗೊತ್ತಾದರೆ ಏನೆಂದುಕೊಂಡಾಳು! ದೇವೀರಮ್ಮ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ಒಳಗೆ ಹೋಗಿ ಪಾತ್ರೆ ತೊಳೆದಳು.

ಮಾರನೆಯ ದಿನದಿಂದ ದೋಣಿ ತಗ್ಗತೊಡಗಿತು. ಅವಳು ಎರಡನ್ನೂ ಕೂಡಿಸಿ ನೋಡಲಿಲ್ಲ. ನೋಡುವುದಾದರೂ ಹೇಗೆ? ದೋಣಿಯನ್ನು ತಗ್ಗಿಸುವುದು ದುಃಖ, ಜಗಳ, ತಪ್ಪು, ಭಯ ಎಂದು ಎಲ್ಲರಿಗೂ ತಿಳಿದದ್ದು. ತಾನು ಕಣ್ಣಾರೆ ಕಂಡದ್ದೂ ಅದೇ. ಹಾಗಾಗಿ ಅವಳು ಹತ್ತಿದವರ ಮೇಲೆ ಬಿದ್ದಳು. “ಯಾರ್ದು? ಬಾಯ್ಬುಡಿ! ಯಾರೋ ಗಂಟಲಲ್ಲೇ ಇಟ್ಕೊಂಡು ಕೂತವ್ರೆ!” ಅಂತ ಹುಟ್ಟು ಎತ್ತಿ ಹಿಡಿದುಕೊಂಡು ನಿಲ್ಲುತ್ತಿದ್ದಳು. ಜನ ಪಾಪ, ಇದ್ದಬದ್ದದ್ದನ್ನೆಲ್ಲ ಕಕ್ಕಿದರು. ಸೊಪ್ಪು ಮಾರುವ ನಿಂಗಾಜಮ್ಮ ತಾನು ಮದುವೆಯಾದಾಗಿನಿಂದ ಅತ್ತೆಯ ಕೈರುಚಿಯನ್ನು ಹೊಗಳಿದ್ದೆಲ್ಲ ಸುಳ್ಳು ಅಂದಳು. ಅಂಚೆಯವನು ಕಾರ್ಡುಗಳನ್ನೆಲ್ಲ ಓದಿಯೇ ಹಂಚುವುದು ಅಂದ. ಅದು ಯಾರಿಗೂ ಹೊಸ ಸುದ್ದಿಯಲ್ಲದ ಕಾರಣ ದೋಣಿ ಕೂದಲಷ್ಟೂ ಅಲುಗಲಿಲ್ಲ. ಲೆಕ್ಕದ ಮೇಷ್ಟ್ರು ತಮಗೆ ಲೆಕ್ಕ ಕಂಡರೆ ಆಗುವುದಿಲ್ಲ ಅಂದರು. ಊರಿನವರ ಮನಸ್ಸು ಗುಡಿಸಿ ಸಾರಿಸಿದ ಅಂಗಳದ ಹಾಗೆ ಆಗಿಹೋಯಿತು. ಪಟ್ಟೆ ಮಾತ್ರ ನೀರಿನ ಕೆಳಗೇ.

ದೇವೀರಮ್ಮ ಅರ್ಧ ಜನರನ್ನು ದಡದಲ್ಲೇ ಬಿಟ್ಟು ಹೋಗಬೇಕಾಯಿತು. ಸೊಪ್ಪಿನ ಬುಟ್ಟಿಗಳು ನನ್ನ ಅಂಗಡಿ ಮುಂದೆ ಬಾಡಿದವು. ಮಗುವಿಗೆ ಸೂಜಿ ಹಾಕಿಸಲು ಹೊರಟವರು ಸಂಜೆಯವರೆಗೆ ಕಾದು ಕೂತರು. ನನಗೆ ವ್ಯಾಪಾರ ಚೆನ್ನಾಗಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ದೇವೀರಮ್ಮನ ಮುಖ ನೋಡಿದರೆ ಸೋಡಾ ಒಡೆಯುವ ಕೈಯೇ ಸೋಲುತ್ತಿತ್ತು. “ದೋಣಿಗೆ ವಯಸ್ಸಾಯ್ತೋ ನಂಗೆ ವಯಸ್ಸಾಯ್ತೋ ತಿಳೀತಿಲ್ಲ ಕಣ ರಾಚಣ್ಣ,” ಅನ್ನುತ್ತಿದ್ದಳು. ದೋಣಿಯ ತಳ ಕೆರೆದು ಎಣ್ಣೆ ಹಚ್ಚಿದ್ದೂ ಆಯಿತು. ಏನೂ ಪ್ರಯೋಜನವಾಗಲಿಲ್ಲ.

ಮೆಂಬರ್ ಶಿವನಂಜಪ್ಪ ಪಂಚಾಯ್ತಿ ಸೇರಿಸಿದರು. ದೋಣಿ ಕೆಟ್ಟಿದೆ, ನಾಳೆ ಮುಳುಗಿದರೆ ಯಾರು ಜವಾಬ್ದಾರಿ, ಅದರ ಬದಲು ಸುತ್ತುದಾರಿಯಲ್ಲಿ ತಮ್ಮ ಬಾಮೈದ ಮಿನಿಬಸ್ ಬಿಡುತ್ತಾನೆ ಅಂದರು. ಜನ ಗೊಣಗಿದರು. ಕೊನೆಗೆ ತೀರ್ಮಾನವಾದದ್ದು ಹೀಗೆ: ಸೋಮವಾರ ಬೆಳಿಗ್ಗೆ ಪಂಚಾಯ್ತಿಯವರು ಹೊಳೆಗೆ ಬಂದು ನೋಡುವುದು. ಎಂದಿನಷ್ಟು ಜನ ಕೂತಾಗ ಪಟ್ಟೆ ನೀರಿನ ಮೇಲಿದ್ದರೆ ದೋಣಿ ದೇವೀರಮ್ಮನ ಕೈಯಲ್ಲೇ ಇರಲಿ. ಇಲ್ಲದಿದ್ದರೆ ದಡಕ್ಕೆ ಎಳೆದು ಮಗುಚಿ ಹಾಕುವುದು.

ಸುದ್ದಿ ಕೇಳಿದ ಜವರಮ್ಮ ಸೋಮವಾರದವರೆಗೂ ಕಾಯದೆ ಓಡಿಬಂದಳು. “ಹೋದ್ರೆ ಹೋಗ್ಲಿ ಬುಡು ದೇವೀರಿ. ನನ್ ಜೊತೆ ಬಂದು ಇದ್ಬುಡು. ಹಿಂದ್ಗಡೆ ಕೋಣೆ ಖಾಲಿ ಅದೆ. ಅವನ್ನ ನೆನಸ್ಕೊಂಡು ಇಬ್ರೂ ಒಂದ್ಕಡೆ ಅತ್ಕೊಂಡು ಇರಾನ,” ಅಂದಳು. ಪ್ರೀತಿಯಿಂದಲೇ ಹೇಳಿದ್ದು. ಆ ಹಿಂದಿನ ಕೋಣೆಯನ್ನು ದೇವೀರಮ್ಮ ನೋಡಿದ್ದಳು. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಹೊಳೆ ಕಾಣುವುದಿರಲಿ, ಅದರ ಸದ್ದೂ ಅಲ್ಲಿಗೆ ಬರುವುದಿಲ್ಲ. ಎದ್ದು ಹೋಗಿ ಅತ್ತಿಗೆಗೆ ಎಲೆಅಡಿಕೆ ತಂದಿಟ್ಟಳು. ಅವಳಿಗೆ ಭಯವಾಗಿತ್ತು. ಗಂಡ ಸತ್ತಾಗ ಕೂಡ ಅಷ್ಟು ಭಯವಾಗಿರಲಿಲ್ಲವಂತೆ, ಆಗ ದೋಣಿಯಿತ್ತಲ್ಲ.

ಸೋಮವಾರ ಮೆಟ್ಟಿಲ ತುಂಬ ಜನ. ಜವರಮ್ಮ ಮೊದಲ ದೋಣಿಗೇ ಬಂದು ನೀರಿಗೆ ಹತ್ತಿರದ ಮೆಟ್ಟಿಲಲ್ಲಿ ಕೂತಿದ್ದಳು. ಮೆಂಬರು ಇಬ್ಬರು ಪಂಚಾಯ್ತಿಯವರ ಜೊತೆ ಜೀಪಿನಿಂದಿಳಿದು ದಡದ ಮೇಲೆ, ನೀರಿಗೆ ಆದಷ್ಟು ದೂರದಲ್ಲಿ ನಿಂತರು. ಎಂದಿನವರು ಎಂದಿನ ಜಾಗಗಳಲ್ಲಿ ಕೂತರು. ಎಲ್ಲರ ಕಣ್ಣೂ ಪಟ್ಟೆಯ ಮೇಲೆ. ಪಟ್ಟೆ ನಿಧಾನವಾಗಿ ನೀರಿನೊಳಗೆ ಇಳಿದುಹೋಯಿತು.

“ನೋಡಿದ್ರಾ?” ಅಂದರು ಮೆಂಬರು.

“ಅಲ್ಲಿ ನಿಂತ್ಕೊಂಡು ನೋಡದೇನ್ ಬಂತು ಮೆಂಬ್ರೇ?” ಅಂದಳು ನಿಂಗಾಜಮ್ಮ. “ತೀರ್ಮಾನ ಮಾಡೋರು ಹತ್ತಿ ಕೂತು ನೋಡ್ಬೇಕು.”

ಹೌದು ಹೌದು ಅಂತ ದಡಕ್ಕೆ ದಡವೇ ಕೂಗಿತು. ಎಷ್ಟೋ ವರ್ಷಗಳ ಆಸೆ, ಬಿಡುತ್ತಾರೆಯೇ? ಮೆಂಬರ ಮುಖದ ಬಣ್ಣ ಇಳಿಯಿತು. ಹತ್ತದಿದ್ದರೆ ಮಾನ ಹೋಗುತ್ತದೆ, ಹತ್ತಿದರೆ ಇನ್ನೇನು ಹೋಗುತ್ತದೋ. ಪಂಚೆ ಎತ್ತಿ ಹಿಡಿದು, ಅಂಚೆಯವನ ಭುಜ ಗಟ್ಟಿಯಾಗಿ ಹಿಡಿದುಕೊಂಡು ದೋಣಿಗೆ ಕಾಲಿಟ್ಟರು. ದೋಣಿ ಗೇಣುದ್ದ ಕುಸಿಯಿತು. ನೀರು ಅಂಚಿಗೆ ಬಂತು. ಹೆಂಗಸರು ಬುಟ್ಟಿಗಳನ್ನು ತೊಡೆಯ ಮೇಲೆ ಎತ್ತಿಕೊಂಡರು.

“ಯಾರ್ದು?” ಅಂದಳು ದೇವೀರಮ್ಮ. ಕೇಳಬೇಕಾದ್ದನ್ನು ಕೇಳಿದಳು; ಅವಳ ಮುಖದಲ್ಲಿ ನಗುವಿರಲಿಲ್ಲ.

ಮೆಂಬರು ಅತ್ತ ನೋಡಿದರು, ಇತ್ತ ನೋಡಿದರು. “ನಂದು ಮಣಭಾರ,” ಅಂದರು ಸಣ್ಣ ದನಿಯಲ್ಲಿ. “ನಂಗೆ ನೀರು ಅಂದ್ರೆ ಭಯ ಕಣ್ರವ್ವ. ಸಣ್ಣೋನಾಗಿದ್ದಾಗ್ನಿಂದ. ತಲೆ ಮೇಲೆ ಒಂದು ಚೊಂಬು ನೀರು ಉಯ್ಕೊಳ್ಳಕ್ಕೂ ಆಗಲ್ಲ. ಕಣ್ಮುಚ್ಕೊಂಡು ಕೂತಿರ್ತೀನಿ, ನಮ್ಮನೆಯವಳೇ ಉಯ್ತಾಳೆ.”

ನಗುವಂತಿಲ್ಲವಲ್ಲ, ಎಲ್ಲರೂ ಕೆನ್ನೆ ಕಚ್ಚಿಕೊಂಡು “ಇಳೀತು” ಅಂದರು. ದೋಣಿ ಅವರು ತಗ್ಗಿಸಿದಷ್ಟು ಮೇಲೆದ್ದಿತು. ಊರಿಗೆ ಒಳಗೊಳಗೇ ನಿರಾಸೆಯಾಯಿತೆಂದು ನನಗೆ ಅನುಮಾನ. ಕಡೇಪಕ್ಷ ಒಂದು ಕೊಲೆಯಾದರೂ ಇರಬಹುದು ಅಂದುಕೊಂಡಿದ್ದರು. ಆದರೆ ಪಟ್ಟೆ ಇನ್ನೂ ನೀರಿನೊಳಗೇ ಇತ್ತು. ಮೆಂಬರದಲ್ಲ, ನಿಂಗಾಜಮ್ಮನದಲ್ಲ, ಯಾರದೂ ಅಲ್ಲ.

“ಎಲ್ಲರೂ ಇಳಿದುಬಿಡಿ. ಒಬ್ಬೊಬ್ಬರಾಗಿ ಹತ್ತಿ ನೋಡೋಣ,” ಅಂದರು ಮೇಷ್ಟ್ರು.

ಎಲ್ಲರೂ ಇಳಿದರು. ನಾನು ಮೆಂಬರ ನಡುಕ ನಿಲ್ಲಲಿ ಎಂದು ಸೋಡಾ ಒಡೆಯುತ್ತಿದ್ದೆ. ಯಾಕೋ ದೋಣಿಯ ಕಡೆ ಕಣ್ಣು ಹೋಯಿತು. ಗೋಲಿಯ ಮೇಲಿಟ್ಟ ಹೆಬ್ಬೆರಳು ಅಲ್ಲೇ ನಿಂತಿತು. ದೋಣಿಯಲ್ಲಿ ಹುಟ್ಟು ಹಿಡಿದ ದೇವೀರಮ್ಮ ಒಬ್ಬಳೇ. ಹಾಗಿದ್ದೂ ಪಟ್ಟೆ ನೀರಿನಿಂದ ಎರಡು ಬೆರಳು ಮೇಲಿದ್ದರೆ ಹೆಚ್ಚು.

“ಖಾಲಿ ದೋಣಿ ನೋಡ್ರೋ,” ಅಂದೆ.

ಎಲ್ಲರೂ ತಿರುಗಿದರು. ಖಾಲಿ ದೋಣಿಯ ಪಟ್ಟೆಯನ್ನು ನಮ್ಮೂರಿನಲ್ಲಿ ಯಾರೂ ಯಾವತ್ತೂ ನೋಡಿದವರಲ್ಲ. ಎಲ್ಲರನ್ನೂ ‘ಯಾರ್ದು’ ಎಂದು ಕೇಳುವವಳನ್ನು ‘ನಿಂದೇನು’ ಎಂದು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಅವಳಿಗೂ ತೋಚಿರಲಿಲ್ಲ. ದೇವೀರಮ್ಮ ಬಗ್ಗಿ ಪಟ್ಟೆ ನೋಡಿದಳು, ತನ್ನ ಕೈ ನೋಡಿಕೊಂಡಳು, ಆ ಕ್ಷಣಕ್ಕೆ ಅವಳಿಗೆ ಎಲ್ಲವೂ ಅರ್ಥವಾಯಿತು. ಹೊಟ್ಟೆಯೊಳಗೆ ಹೇಳದೆ ಉಳಿದಿರುವುದು ಯಾವುದು ಎಂದು ಹುಡುಕಬೇಕಾಗಿಯೇ ಇರಲಿಲ್ಲ. ಅದೊಂದೇ ಇತ್ತು.

“ದೇವೀರಕ್ಕ, ಯಾರ್ದು?” ಅಂದಳು ನಿಂಗಾಜಮ್ಮ, ಬಹಳ ಮೆಲ್ಲಗೆ.

ಅವಳು ಉತ್ತರ ಹೇಳುವ ಮೊದಲೇ ಜವರಮ್ಮ ಗೋಳೋ ಎಂದು ಶುರುಮಾಡಿದಳು. “ಅಯ್ಯೋ ನನ್ ತಮ್ಮಾ, ನಿನ್ ಸಂಕಟಾನ ಇಷ್ಟು ವರ್ಸ ಎದೇಲೇ ಇಟ್ಕೊಂಡು ತೇಯ್ತಾ ಅವಳಲ್ಲೋ! ಹೇಳ್ಬುಡು ದೇವೀರಿ, ಅತ್ಬುಡು!” ಸುತ್ತಲಿನ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ಒದ್ದೆಯಾಯಿತು. ಇಡೀ ಊರು ಅವಳ ಬಾಯಿಗೆ ಮಾತು ಇಟ್ಟು ಕಾಯುತ್ತಿತ್ತು. ಅದನ್ನೇ ಹೇಳಿದರೆ ಸಾಕಾಗಿತ್ತು.

“ನಂದು ಮಣಭಾರ,” ಅಂದಳು ದೇವೀರಮ್ಮ. “ಗಂಡನ ನೆನಪು.”

ಪಟ್ಟೆ ಪೂರಾ ನೀರಿನೊಳಗೆ ಹೋಯಿತು.

“ಒಂಟಿ ಬಾಳು,” ಅಂದಳು. ದೋಣಿ ಇನ್ನೂ ತಗ್ಗಿತು. ದೋಣಿಗೆ ದಾಕ್ಷಿಣ್ಯ ಅನ್ನುವುದು ಇಲ್ಲವೇ ಇಲ್ಲ.

ಈಗ ಮೆಂಬರೇ ಎರಡು ಮೆಟ್ಟಿಲು ಇಳಿದು ಬಂದರು. “ದೇವೀರಮ್ಮ, ದೋಣಿ ಹೋಯ್ತದೆ ಕಣಮ್ಮ. ನಂದೇ ಹೇಳ್ಬುಟ್ಟೆ, ಊರೆಲ್ಲ ಕೇಳುಸ್ಕತ್ತು. ನಿಂದು ಅದ್ಕಿಂತ ನಾಚ್ಕೆ ಇರದೇನಮ್ಮ?” ಅಂದರು. ಆ ಮನುಷ್ಯನ ದನಿಯಲ್ಲಿ ನಿಜವಾದ ಕಳಕಳಿಯಿತ್ತು. ಮಿನಿಬಸ್ಸಿನ ನೆನಪೂ ಅವರಿಗಿದ್ದ ಹಾಗೆ ಕಾಣಲಿಲ್ಲ.

ದೇವೀರಮ್ಮ ಹುಟ್ಟನ್ನು ಕೆಳಗಿಟ್ಟಳು. ಹೇಳದಿದ್ದರೆ ದೋಣಿ ಹೋಗುತ್ತದೆ, ದೋಣಿಯ ಜೊತೆ ಹೊಳೆಯೂ, ಮೆಟ್ಟಿಲೂ, ಮಧ್ಯಾಹ್ನದ ಬಿಸಿಲೂ ಹೋಗುತ್ತವೆ. ಹೇಳಿದರೆ ಅತ್ತಿಗೆ ಹೋಗುತ್ತಾಳೆ. ಅವಳು ಬೇರೆ ಯಾರನ್ನೂ ನೋಡದೆ ಜವರಮ್ಮನನ್ನೇ ನೋಡಿದಳು.

“ಅತ್ತಿಗೆ, ನೀವು ಬೇಜಾರು ಮಾಡ್ಕೊಬೇಡಿ. ನಂದು ಮಣಭಾರ. ನಾನು ಸುಖವಾಗಿದೀನಿ.”

ದೋಣಿ ಎಷ್ಟು ರಭಸದಿಂದ ಮೇಲೆದ್ದಿತೆಂದರೆ ಅವಳು ತೂರಾಡಿ ಅಂಚು ಹಿಡಿದುಕೊಳ್ಳಬೇಕಾಯಿತು. ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ನಿಲ್ಲಲಿಲ್ಲ. “ನಿಮ್ ತಮ್ಮ ಒಳ್ಳೇವ್ರೇ. ಅವರಿದ್ದಾಗ್ಲೂ ಸುಖವಾಗಿದ್ದೆ. ಹೋದಾಗ ಅತ್ತೆ, ನಿಜವಾಗ್ಲೂ ಅತ್ತೆ. ಆದ್ರೆ ಈಗ ಅಳು ಬತ್ತಾ ಇಲ್ಲ ಅತ್ತಿಗೆ. ಬೆಳಗಾದ್ರೆ ದೋಣಿ, ಮಧ್ಯಾಹ್ನ ಬಿಸಿ ಮುದ್ದೆ, ನಂಗೆ ಬೇಕಾದಷ್ಟು ಹುಳಿ, ಹೊತ್ತು ಮುಳುಗೋ ಹೊತ್ತಿಗೆ ನೀರಲ್ಲಿ ಕಾಲು. ಪದ ಬಾಯಿಗೆ ಬತ್ತದೆ. ಒಬ್ಳೇ ಹಾಡ್ಕತೀನಿ. ಇದನ್ನ ಯಾರತ್ರ ಹೇಳ್ಲಿ? ಹತ್ತೋರೆಲ್ಲ ಗೋಳು ಹೊತ್ಕೊಂಡು ಬತ್ತೀರಿ. ಎಲ್ರೂ ಪಾಪ ಪಾಪ ಅಂತೀರಿ. ನಾನೊಬ್ಳು ಚೆನ್ನಾಗಿದೀನಿ ಅಂತ ಹೆಂಗೆ ಹೇಳ್ಲಿ?”

ನಮಗೆ ಸುಖಕ್ಕೆ ‘ಇಳೀತು’ ಅಂದು ಅಭ್ಯಾಸವಿರಲಿಲ್ಲ. ಒಳ್ಳೆಯ ಸುದ್ದಿ ಇದ್ದವರು ಅದನ್ನು ದೋಣಿಯವರೆಗೆ ತರುವುದೇ ಇಲ್ಲ. ಮಗ ಪಾಸಾದರೆ, ಹಸು ಈದರೆ, ಮೆಟ್ಟಿಲಿಗೆ ಬರುವಷ್ಟರಲ್ಲಿ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಕೈ ಖಾಲಿ ಮಾಡಿಕೊಂಡಿರುತ್ತಾರೆ. ಸುಖವನ್ನು ಬಚ್ಚಿಟ್ಟುಕೊಂಡು ದೋಣಿ ಹತ್ತಿದವಳು ಇವಳೊಬ್ಬಳೇ. ಅದೂ ಮಣಭಾರವೇ ಆಗುತ್ತದೆಂದು ನಮಗೆ ಹೇಗೆ ಗೊತ್ತಾಗಬೇಕು? ಕೊನೆಗೆ, ಆ ದಿನವೇ ಕಲಿತ ಉತ್ಸಾಹದಲ್ಲಿ ಮೆಂಬರು “ಇಳೀತು!” ಎಂದು ಕೂಗಿಬಿಟ್ಟರು. ಅವರ ಹಿಂದೆ ನಾವೆಲ್ಲ ಕೂಗಿದೆವು. ಈಗ ನಮ್ಮೂರಲ್ಲಿ ಆ ಮಾತಿನ ಬಳಕೆ ಸ್ವಲ್ಪ ಅಗಲವಾಗಿದೆ. ಮೊನ್ನೆ ಮೇಷ್ಟ್ರು ದೋಣಿಯಲ್ಲಿ “ನಂದು ಮಣಭಾರ” ಅಂದು, ಕಿವಿಯವರೆಗೂ ಕೆಂಪಾಗಿ, ತಮಗೆ ಹೆಣ್ಣು ಒಪ್ಪಿದ್ದನ್ನು ಹೇಳಿದರು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಹೊತ್ತಿನಲ್ಲಿ ಕೂಗು ತಣ್ಣಗಾದ ಮೇಲೆ ಎಲ್ಲರೂ ಜವರಮ್ಮನ ಕಡೆ ತಿರುಗಿದರು. ಅವಳು ಅಳುವುದನ್ನು ಯಾವಾಗಲೋ ನಿಲ್ಲಿಸಿದ್ದಳು. ಅವಳು ‘ಇಳೀತು’ ಅಂದಿರಲಿಲ್ಲ. ಎದ್ದು, ಸೀರೆಯ ನೆರಿಗೆ ಸರಿಮಾಡಿಕೊಂಡು, ದೋಣಿ ಹತ್ತಿ ಕೂತಳು.

“ನನ್ನ ಆಚೆ ದಡಕ್ಕೆ ಬುಡು,” ಅಂದಳು.

ಬೇರೆ ಯಾರೂ ಹತ್ತಲಿಲ್ಲ. ಸಂತೆಗೆ ಹೊತ್ತಾಗುತ್ತಿದ್ದರೂ ಸೊಪ್ಪಿನವರು ಬುಟ್ಟಿಗಳನ್ನು ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂತರು. ಮೆಂಬರು ಸೋಡಾ ಕುಡಿಯುವುದನ್ನು ಮರೆತು ಸೀಸೆ ಹಿಡಿದುಕೊಂಡೇ ನಿಂತಿದ್ದರು. ದೋಣಿ ಹೊರಟಿತು. ಪಟ್ಟೆ ಮತ್ತೆ ನೀರಿನೊಳಗೆ ಹೋಗಿದ್ದು ನನಗೆ ದಡದಿಂದಲೇ ಕಂಡಿತು. ದೇವೀರಮ್ಮ ಸುಮ್ಮನೆ ಹುಟ್ಟು ಹಾಕುತ್ತಿದ್ದಳು. ಪಟ್ಟೆ ಮುಳುಗಿದ್ದರೂ ‘ಯಾರ್ದು’ ಎಂದು ಕೇಳದೆ ಅವಳು ದೋಣಿ ನಡೆಸಿದ್ದು ಅದೇ ಮೊದಲು. ಕೇಳಲು ಹೆದರಿಕೆಯಾಯಿತಂತೆ. ಮಾದಯ್ಯನ ಅಕ್ಕನ ಹೊಟ್ಟೆಯಲ್ಲಿ ಈಗ ಇರುವುದು ತನ್ನ ಮೇಲಿನ ಸಿಟ್ಟಲ್ಲದೆ ಇನ್ನೇನು? ನಡುಹೊಳೆಗೆ ಬರುವಷ್ಟರಲ್ಲಿ ತೋಳು ಸೋತುಹೋಗಿತ್ತು.

ಜವರಮ್ಮ ನೀರನ್ನೇ ನೋಡುತ್ತಿದ್ದಳು. ನೋಡುತ್ತಲೇ ಅಂದಳು: “ನಂದು ಮಣಭಾರ.”

“ಹೇಳಿ ಅತ್ತಿಗೆ.”

“ಹಂಗಾರೆ... ಸೋಮಾರ ಸೋಮಾರ ನಾನು ಬರದು ಬ್ಯಾಡ್ವಾ?”

ದೇವೀರಮ್ಮನ ಕೈ ಹುಟ್ಟಿನ ಮೇಲೆ ನಿಂತಿತು.

“ಮನೇಲಿ ಸೊಸೆ ತಟ್ಟೆಗೆ ಇಕ್ಬುಟ್ಟು ಟೀವಿ ಮುಂದಕ್ಕೆ ಹೋಯ್ತಾಳೆ,” ಅಂದಳು ಜವರಮ್ಮ. “ತಪ್ಪೇನಿಲ್ಲ ಬುಡು, ಅವಳ ಕಾಲ ಅದು. ಎದುರ್ಗೆ ಕೂತ್ಕೊಂಡು ಉಣ್ಣೋಳು ನೀನೊಬ್ಳೇ ಕಣೆ. ಅಳೋದು ನಿಂತೋದ್ರೆ ನಾನು ಏನ್ ನೆವ ಮಾಡ್ಕೊಂಡು ಬರ್ಲಿ?”

ದೋಣಿ ಸದ್ದಿಲ್ಲದೆ ಮೇಲೆದ್ದಿತು. ಇಬ್ಬರೂ ಅದನ್ನು ಗಮನಿಸಲಿಲ್ಲ. ದೇವೀರಮ್ಮನಿಗೆ ಅಲ್ಲಿಯವರೆಗೆ ಬಾರದಿದ್ದ ಅಳು ಈಗ ಉಕ್ಕಿ ಬಂತು. ‘ಇಳೀತು’ ಅಂದು ಸುಮ್ಮನಾಗಬೇಕು, ಅದು ಪದ್ಧತಿ. ಅವಳು ಆ ಪದ್ಧತಿಯನ್ನು ಹೊಳೆಗೆ ಹಾಕಿದಳು.

“ಬನ್ನಿ ಅತ್ತಿಗೆ. ಅಳಕ್ಕೆ ಅಂತ ಬರ್ಬೇಡಿ. ಉಣ್ಣಕ್ಕೆ ಬನ್ನಿ.”

ಜವರಮ್ಮ ನೀರಿನಿಂದ ಕಣ್ಣೆತ್ತಿದಳು. “ಮಧ್ಯದಲ್ಲಿ ಅಳು ಬಂದ್ರೆ?”

“ಬಂದ್ರೆ ಅಳೋಣ. ಮೊದ್ಲು ಉಣ್ಣೋಣ,” ಅಂದ ದೇವೀರಮ್ಮ, ಮೂಗೊರೆಸಿಕೊಂಡು, ನಡುಹೊಳೆಯಲ್ಲೇ ದೋಣಿಯನ್ನು ಮನೆಯ ಕಡೆಗೆ ತಿರುಗಿಸಿದಳು.